ಉಂಗುರ ತೆಗೆಯಿರಿ

ಹಗಲಲ್ಲಿ ತಗಡು ಮುಟ್ಟಿದರೆ ಚರ್ಮ ಅದಕ್ಕೇ ಅಂಟುತ್ತದೆಂದು
ರಾತ್ರಿ ಹನ್ನೊಂದಕ್ಕೆ ಶುರುಮಾಡಿದೆವು.
ಸೊಹಾರ್, ಆಗಸ್ಟ್. ಕಡಲ ನೀರಿನ ಉಪ್ಪು ತೆಗೆಯುವ ಕಾರ್ಖಾನೆ.
ಲಾರಿಯ ಮೇಲೆ ನಿಂತೇ ಬಂದಿತ್ತು ರ‍್ಯಾಕು,
ಆರುನೂರ ನಲವತ್ತು ಕಿಲೋ,
ಆಳೆತ್ತರಕ್ಕೂ ಒಂದು ಗೇಣು ಮೇಲೆ,
ಮುನಿಸಿಕೊಂಡ ಬೀಗರ ಹಾಗೆ
ಯಾರ ಕಡೆಗೂ ತಿರುಗದೆ.

ಇದಿನಬ್ಬ ಅದನ್ನು ಮುಟ್ಟಲಿಲ್ಲ.
ಟೇಪು ಹಿಡಿದು ದಾರಿ ಅಳೆದ:
ಬಾಗಿಲು, ತಿರುವು, ಲಿಫ್ಟಿನ ಹೊಸ್ತಿಲು,
ಚಾವಣಿಯಿಂದ ಇಳಿಬಿದ್ದ ಎಸಿ ಪೈಪು.
ನಿನ್ನೆಯೂ ಅಳೆದಿದ್ದ.
"ರಾತ್ರೋರಾತ್ರಿ ಬಾಗಿಲು ಸಣ್ಣದಾಗುತ್ತದಾ ಕಾಕಾ?"
"ಆಗುತ್ತದೆ. ಯಾರೋ ಬಣ್ಣದ ಡಬ್ಬಿ ಇಟ್ಟರೆ ಆಗುತ್ತದೆ."
ಇಟ್ಟಿದ್ದರು.

ಮೇಲ್ಗಡೆಯ ಪೆಟ್ಟಿಗೆಗಳನ್ನು ಬಿಚ್ಚಿ ಬೇರೆ ಹೊತ್ತೆವು.
ತಲೆ ಹಗುರಾದವನು ಎಡವಿದರೂ ನಿಲ್ಲುತ್ತಾನಂತೆ.
ಟೊಳ್ಳು ನೆಲಕ್ಕೆ ಪ್ಲೈವುಡ್ ಹಾಸಿದೆವು,
ಟೈಲಿನ ಕೆಳಗೆ ಎರಡಡಿ ಕತ್ತಲು, ಬರೀ ಕೇಬಲ್ಲು.
ಆಮೇಲೆ ಸಾಲಾಗಿ ನಿಲ್ಲಿಸಿ ನಮ್ಮ ಕೈ ನೋಡಿದ.
ಉಂಗುರ ತೆಗೆಯಿರಿ.
ದಂಬರನದು ಬರಲಿಲ್ಲ, ಸೋಪು ಹಚ್ಚಿದರೂ.
ಅವನನ್ನು ಬಾಗಿಲು ಕಾಯಲು ಹಾಕಿದ.

"ಶ್ವಯ್ ಅಂದರೆ ಮೆಲ್ಲಗೆ. ಬಸ್ ಅಂದರೆ ಉಸಿರೂ ಬಸ್.
ಹೋಗು ಅನ್ನುವವನು ನಾನೊಬ್ಬ,
ನಿಲ್ಲು ಅನ್ನಲು ಎಲ್ಲರಿಗೂ ಬಾಯಿದೆ.
ಬಿದ್ದರೆ ಹಿಡಿಯಬೇಡಿ. ಕೈಬಿಟ್ಟು ಹಿಂದೆ ಸರಿಯಿರಿ.
ಕಬ್ಬಿಣಕ್ಕೆ ವಿಮೆ ಇದೆ."
ನಮಗಿದೆಯಾ ಎಂದು ಯಾರೂ ಕೇಳಲಿಲ್ಲ.

ಜುಬೈಲಿನಲ್ಲಿ ಒಬ್ಬ ಹಿಡಿದಿದ್ದನಂತೆ.
ಇದಿನಬ್ಬ ಹೆಸರು ಹೇಳುವುದಿಲ್ಲ,
ಪ್ರತಿ ಸಲ ಇಷ್ಟೇ:
"ಬೀಳುವ ಮಗುವನ್ನು ಹಿಡಿದ ಹಾಗೆ ಹಿಡಿದ."

ಶ್ವಯ್. ಶ್ವಯ್.
ಹಿಂದಿನ ಪಟ್ಟಿ ಗುಲ್ಜರೀನನ ಮೊಣಕೈಗೆ,
ಎಡಕ್ಕೆ ನಾನು, ಬಲಕ್ಕೆ ಸೆಲ್ವಂ.
ಲಿಫ್ಟಿನ ಹೊಸ್ತಿಲಲ್ಲಿ
ಮುಂದಿನ ಗಾಲಿ ಸಂದಿಗೆ ಇಳಿಯಿತು,
ರ‍್ಯಾಕು ನನ್ನ ಕಡೆ ತಲೆ ಬಾಗಿಸಿತು,
ಗುಟ್ಟು ಹೇಳುವವರ ಹಾಗೆ.
ನನ್ನ ಎರಡೂ ಕೈ ಎದ್ದವು
ನನ್ನನ್ನು ಕೇಳದೆ.

"ಬಸ್!" ಬಾಗಿಲಿನಿಂದ ದಂಬರ್.

ಒಂದು ಹೆಜ್ಜೆ ಹಿಂದೆ ಸರಿದೆ.
ಬಂಟವಾಳದಿಂದ ಇಲ್ಲಿಗೂ ಅಷ್ಟು ದೂರವಿರಲಿಲ್ಲ.
ಅದು ಓಲಾಡಿತು, ಯೋಚಿಸಿತು,
ಪಟ್ಟಿ ಕಿರುಗುಟ್ಟಿ
ಹಿಂದಕ್ಕೆ ಹೋಗಿ ನಿಂತಿತು.

ಇದಿನಬ್ಬ ಏನೂ ಅನ್ನಲಿಲ್ಲ.
ಸಂದಿಗೆ ಉಕ್ಕಿನ ಹಲಗೆ ಹಾಕಲು ಮರೆತದ್ದು ಅವನೇ.
ನೀರು ಕುಡಿದ.
ಮತ್ತೂ ಕುಡಿದ.

ಬೆಳಗಿನ ಬಾಂಗಿನ ಹೊತ್ತಿಗೆ ಅದು ತನ್ನ ಜಾಗದಲ್ಲಿತ್ತು.
ರಸಮಟ್ಟದ ಗುಳ್ಳೆ ನಡುವೆ ಬರುವ ತನಕ
ಒಂದೊಂದೇ ಪಾದ ತಿರುಗಿಸಿದೆವು,
ಅರ್ಧ ಸುತ್ತು, ಕಾಲು ಸುತ್ತು,
ಇನ್ನೊಂದು ಕೂದಲೆಳೆ.
ನಾಲ್ಕು ಬೋಲ್ಟು ನೆಲಕ್ಕೆ.
ಎಂಜಿನಿಯರ್ ಬಂದು ಬಾಗಿಲು ತೆರೆದು, ಮುಚ್ಚಿ,
"ತಮಾಮ್" ಅಂದು ಹೋದ.

ಕ್ಯಾಂಪಿನಲ್ಲಿ ಮಲಗಿದೆ.
ಮೇಲಿನ ಮಂಚದಲ್ಲಿ ದಂಬರ್ ಮಗ್ಗುಲಾದ,
ಮಂಚದ ಕಾಲು ನೆಲಕ್ಕೆ ಟಕ್ ಅಂದಿತು.
ಎರಡು ವರ್ಷದಿಂದ ಅನ್ನುತ್ತಲೇ ಇದೆ.
ಎದ್ದು ಬಿಸ್ಕತ್ತಿನ ರಟ್ಟು ನಾಲ್ಕು ಮಡಿಕೆ ಮಾಡಿ
ಅಡಿಗೆ ತೂರಿಸಿದೆ, ಅಲುಗಿಸಿ ನೋಡಿದೆ,
ಇನ್ನೊಂದು ಮಡಿಕೆ ಸೇರಿಸಿದೆ.

ಮೇಲಿನಿಂದ ಅವನ ಕೈ ಇಳಿಬಿದ್ದಿತ್ತು ನಿದ್ದೆಯಲ್ಲಿ.
ಉಂಗುರದ ಸುತ್ತ
ಒಣಗಿದ ಸೋಪು.