ಊದುಗೊಳವೆ

ಲೂಯಿಸ್‌ಟೌನಿನ ಔಷಧಿಯಂಗಡಿಯ ಹಿಂದಿನ ಕೋಣೆಯಲ್ಲಿ
ನಾನು ಹಲ್ಲು ಕಟ್ಟುವವಳು.
ಕಪಾಟಿನ ತುಂಬ ಊರವರ ಬಾಯಿಯ ಅಚ್ಚುಗಳು
ಹೆಸರಿನ ಚೀಟಿ ಅಂಟಿಸಿಕೊಂಡು ನಗುತ್ತಿರುತ್ತವೆ.

ಆರ್ಲೋ ಹ್ಯಾಲ್ವರ್ಸನ್ ಬಂದದ್ದು ಮಾರ್ಚಿನಲ್ಲಿ.
ಮೇಲ್ದವಡೆ ಪೂರಾ ಖಾಲಿ, ಕೆಳಗೆ ನಾಲ್ಕೇ ನಾಲ್ಕು.
"ತಿನ್ನೋದಕ್ಕಲ್ಲ," ಅಂದ. "ಸೂಪು ಸಾಕು ನನಗೆ.
ಊದೋದಕ್ಕೆ ಬೇಕು."

ಅರ್ಥವಾದದ್ದು ಅವನ ಗ್ಯಾರೇಜಿಗೆ ಹೋದಮೇಲೆ.
ನಾಲ್ಕು ಚಳಿಗಾಲದಿಂದ ಒಂದು ಕೋವಿ ಕಟ್ಟುತ್ತಿದ್ದಾನೆ,
ಹೆಬ್ಬೆರಳು ತೂರುವಷ್ಟು ಬಾಯಿ, ಎಂಟು ಮೂಲೆಯ ನಳಿಗೆ,
ಕರಿ ಅಕ್ರೋಟಿನ ಹಿಡಿಗೆ ಅಂಗೈಯಿಂದಲೇ
ಅಗಸೆ ಎಣ್ಣೆ ಕುಡಿಸಿ ಕುಡಿಸಿ
ಕುದುರೆಯ ಕುತ್ತಿಗೆಯಂತಾಗಿದೆ ಮರ.
ಒಂದು ಸಲಕ್ಕೆ ಒಂದೇ ತೋಟಾ.
ಹೊಡೆದೆಯೋ, ಸನ್ನೆ ಕೆಳಗೆಳೆ,
ಬಿಸಿ ಹಿತ್ತಾಳೆ ಹೆಕ್ಕು, ಮತ್ತೆ ಮೊದಲಿನಿಂದ ಯೋಚಿಸು.

ಉದ್ದ ಕೊಳವೆಯಲ್ಲಿ ಮದ್ದು ಸುರಿಯುತ್ತಾನೆ,
ಕಾಳು ಕಾಳು ಒತ್ತಾಗಿ ಕೂರಲಿ ಎಂದು.
ಆಗ ಮಾತಾಡಿಸಿದರೆ ಉತ್ತರವಿಲ್ಲ.

ಕರಿಮದ್ದು ಸುಟ್ಟರೆ ಅರ್ಧ ಹೊಗೆ, ಅರ್ಧ ಮಸಿ.
ಮಸಿ ಒಣಗಿ ಹೆಪ್ಪಾದರೆ ಮುಂದಿನ ಗುಂಡು ದಾರಿ ತಪ್ಪುತ್ತದೆ.
ಅದಕ್ಕೇ ಒಂದೊಂದು ಹೊಡೆತಕ್ಕೂ
ನಳಿಗೆಯ ಹಿಂಬಾಯಿಗೆ ಕೊಳವೆ ಇಟ್ಟು
ಆರು ಉಸಿರು. ನಿಧಾನ. ಹಸಿ ಉಸಿರು.
ಹಲ್ಲಿಲ್ಲದ ಬಾಯಿಯ ಅಂಚಿಗೆ ಐದು ಸೋರಿಹೋಗುತ್ತಿತ್ತು.

ನನಗೆ ನಗು ತಡೆಯಲಿಲ್ಲ. ಊದುಗೊಳವೆ!
ಗದಗಿನ ಒಲೆಯ ಮುಂದೆ ಮೊಣಕಾಲೂರಿ
ಹಸಿ ಜಾಲಿ ಸೌದೆಗೆ ಎಷ್ಟು ಊದಿಲ್ಲ ನಾನು!
ನಾವು ಊದಿದ್ದು ಬೆಂಕಿಯನ್ನು ಎಬ್ಬಿಸೋದಕ್ಕೆ.
ಇವನು ಊದೋದು
ಬೆಂಕಿ ನಡೆದುಹೋದ ದಾರಿಗೆ ನೀರು ಚಿಮುಕಿಸೋದಕ್ಕೆ.

ಸೀಸ ನಾನೇ ಕೊಟ್ಟೆ,
ಹಳೆಯ ಎಕ್ಸ್‌ರೇ ಕೋಣೆಯ ಗೋಡೆಯಿಂದ ಸುಲಿದ ಹಾಳೆ.
ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ.
ಆ ಮಾತನ್ನು ಕನ್ನಡದಲ್ಲಿ ಹೇಳಿಕೊಟ್ಟೆ.
ಅವನ ಬಾಯಲ್ಲಿ ಅದು "ತವರು" ಆಯಿತು.
ತಿದ್ದಲಿಲ್ಲ.
ಕಮ್ಮಿಯಾದರೆ ಅಚ್ಚಿನ ಮೂಲೆ ತುಂಬೋದಿಲ್ಲ, ಅಂದ ಆರ್ಲೋ,
ಜಾಸ್ತಿಯಾದರೆ ಗುಂಡು ಗಡುಸು, ನಳಿಗೆಗೆ ಬಗ್ಗೋದಿಲ್ಲ.
ನಾನು ಸೌಟು ಹಿಡಿದು ಕೆನೆ ತೆಗೆಯುತ್ತಿದ್ದೆ.

ಮೂರು ಅಚ್ಚು ಕೆಟ್ಟವು. ನಾಲ್ಕನೆಯದರಲ್ಲಿ
ಮುಂದಿನೆರಡು ಹಲ್ಲಿನ ನಡುವೆ ಅರ್ಧಚಂದ್ರ ಕೊರೆದೆ,
ಕೊಳವೆಯ ಸುತ್ತಳತೆಗೆ ಸರಿಯಾಗಿ.
ಡಾಕ್ಟರ್ ಪ್ಲಂಬ್ ಬೆಳಕಿಗೆ ಹಿಡಿದು ನೋಡಿದರು:
"ಇದೇನು, ಮುರಿಯಿತೇ?"
"ಇಲ್ಲ ಸರ್. ಹಾಗೇ ಇರಬೇಕಾದ್ದು."

ಜೂನಿನ ಗುಡ್ಡ. ಜೂಡಿತ್ ಬೆಟ್ಟಗಳ ಕಡೆಯಿಂದ ಗಾಳಿ.
ಎಂಟುನೂರು ಗಜದಾಚೆ ಕಬ್ಬಿಣದ ಕಾಡೆಮ್ಮೆ,
ಬಿಸಿಲುಝಳದಲ್ಲಿ ಈಜುತ್ತಿತ್ತು.
ಹೊಡೆದವನಿಗೆ ಕಾಣುವುದು ಹೊಗೆ ಮಾತ್ರ,
ಹಾಸಿಗೆಯ ಹತ್ತಿ ಒಡೆದಂತೆ ಬೆಳ್ಳಗೆ, ಗಂಧಕದ ನಾತ.
"ಎಲ್ಲಿ?" ಅನ್ನುತ್ತಾನೆ ಪ್ರತಿ ಸಲ,
ದುರ್ಬೀನಿಗೆ ಕಣ್ಣಿಟ್ಟ ನನ್ನನ್ನು.
ಎಡಕ್ಕೆ. ಒಂದು ಮೊಳ ಕೆಳಗೆ. ಧೂಳು.
ಊದುತ್ತಾನೆ. ಆರಕ್ಕೆ ಆರೂ ಒಳಗೆ.

ಏಳನೆಯದು ತಾಕಿದ್ದನ್ನು ನಾನು ಕಂಡೆ,
ಕರಿ ಪಕ್ಕೆಯ ಮೇಲೆ ಬೂದಿಯ ಬೊಟ್ಟು.
ಹೇಳಲಿಲ್ಲ. ಕಬ್ಬಿಣವೇ ಹೇಳಿಕೊಳ್ಳಲಿ ಎಂದು ಕಾದೆ.
ಆರ್ಲೋ ಕಿವಿಯ ಮುಚ್ಚಳ ಎತ್ತಿದ.
ಹುಲ್ಲು ದಾಟಿ, ತೊರೆ ದಾಟಿ,
ಯಾರದೋ ಮನೆಯಲ್ಲಿ ತಟ್ಟೆ ಬಿದ್ದ ಹಾಗೆ,
ಬಂತು.

ಆಮೇಲೆ ನನ್ನ ಕೈಗೆ ಕೊಟ್ಟ.
ನನ್ನ ಗುಂಡು ಎಲ್ಲಿ ಹೋಯಿತೋ,
ಧೂಳೂ ಏಳಲಿಲ್ಲ.
ಆದರೆ ಊದಿದೆ. ಹೊಟ್ಟೆಯಿಂದ, ತಡೆದು ತಡೆದು.
ನಳಿಗೆಯ ಆಚೆ ತುದಿಯಿಂದ ಬಿಳಿ ಎಳೆ ಹೊರಟು
ನೆಟ್ಟಗೆ ನಿಂತಿತು.
"ಯಾರು ಕಲಿಸಿದ್ದು ನಿನಗೆ?" ಅಂದ.

ಹೊಗೆ ಕಣ್ಣಿಗೆ ಹೋಗಿತ್ತು.
ಕೂಡಲೇ ಹೇಳಲಾಗಲಿಲ್ಲ.