ಒಂದು ಕಣ್ಣಿಗೆ ಒಂದು ಹನಿ

ನಿಯಮ ಒಂದು: ಪೆಟ್ಟಿಗೆಯ ಮಂಜು ಕರಗಬಾರದು.
ಕೊಚ್ಕೊರ್ ಪೇಟೆಯಿಂದ ಮೂರು ಗಂಟೆ
ಕಲ್ಲು ಕಲ್ಲಿಗೂ ಜಿಗಿದು ಬಂತು ಜೀಪು.
ತೊಡೆಯ ಮೇಲಿಟ್ಟು ತಂದೆ.
ಎರಡಕ್ಕಿಂತ ಕೆಳಗಿಲ್ಲ, ಎಂಟರ ಮೇಲಿಲ್ಲ
ಎಂದು ಉಷ್ಣಮಾಪಕದ ಕೆಂಪು ಗೆರೆ
ದಾರಿಯುದ್ದಕ್ಕೂ ಆಣೆ ಇಡುತ್ತಿತ್ತು.

ನಿಯಮ ಎರಡು: ಸೂಜಿ ಬೇಡ. ಒಂದು ಕಣ್ಣಿಗೆ ಒಂದು ಹನಿ.
ಮೆದೆರ್ ಮಂಡಿಗಳ ನಡುವೆ ಕುರಿಯನ್ನು ಇರುಕಿ
ಕೆಳರೆಪ್ಪೆ ಎಳೆಯುತ್ತಾನೆ, ನಾನು ಬಿಡುತ್ತೇನೆ.
ಒಮ್ಮೆ ಮಿಟುಕಿಸಿ ಓಡುತ್ತದೆ, ಅಷ್ಟೆ.
ಕುರಿಯ ಕಣ್ಣಪಾಪೆ ಅಡ್ಡಕ್ಕಿರುತ್ತದೆ,
ಮಕ್ಕಳ ಉಳಿತಾಯದ ಡಬ್ಬಿಗೆ ಕೊರೆದ ಸೀಳಿನ ಹಾಗೆ.
ಬೆಳಗಿನಿಂದ ಹಾಕುತ್ತಲೇ ಇದ್ದೇನೆ.
ಒಳಗೆ ಏನು ಕೂಡಿತೋ, ಯಾರಿಗೆ ಕೂಡಿತೋ
ಅದು ಚಳಿಗಾಲ ಕಳೆದ ಮೇಲಿನ ಲೆಕ್ಕ.

ನಿಯಮ ಮೂರು: ಹಾಕಿದ್ದಕ್ಕೆ ಗುರುತಿರಬೇಕು,
ಎಡಗಿವಿಗೆ ಹಳದಿ ಬಿಲ್ಲೆ.
‘ಎಡಕ್ಕೆ ಬೇಡ’ ಎಂದಳು ಉಮ್ಸುನ್ ಅಜ್ಜಿ.
ಅಲ್ಲಿ ಅವಳ ಗಂಡನ ಮುತ್ತಾತ ಕೊಯ್ಯಲು ಕಲಿಸಿದ
ಕವಲುಬಾಲದ ಗುರುತಿದೆ.
‘ಸರ್ಕಾರಗಳು ಬದಲಾದವು, ದುಡ್ಡಿನ ಮೇಲಿನ
ಮುಖಗಳು ಬದಲಾದವು. ಈ ಕಿವಿ ಬದಲಾಗಲಿಲ್ಲ.’
ಬಲಕ್ಕೆ ಚುಚ್ಚಿದೆ. ಪುಸ್ತಕದಲ್ಲಿ ಎಡ ಎಂದು ಬರೆದೆ.
ಇದೊಂದು ಸುಳ್ಳು.
ಇನ್ನೊಂದನ್ನು ಆಮೇಲೆ ಹೇಳುತ್ತೇನೆ.

ಗುಡಾರದೊಳಗೆ ಅವಳ ಮಗ ತಿಲೆಕ್ ಮಲಗಿದ್ದಾನೆ.
ಹೋದ ವರ್ಷದ ಹಿಮದ ರಾತ್ರಿ, ಕುರಿ ಕಂದು ಹಾಕುವಾಗ
ಬರಿಗೈಯಲ್ಲಿ ಎಳೆದು ತೆಗೆದಿದ್ದನಂತೆ.
ಈಗ ಜ್ವರ ಏರುತ್ತದೆ, ಇಳಿಯುತ್ತದೆ,
ಇಳಿಯಿತೆಂದು ಜೀನು ಕಟ್ಟಿದ ದಿನವೇ ಏರುತ್ತದೆ.
ಕುದುರೆ ಬಾಗಿಲಲ್ಲಿ ಕೊಬ್ಬಿದೆ, ಸೊಂಟ ಮಾತು ಕೇಳದು.
ತೋಳ ಬಂದರೆ ಬಲ್ಲ ನಾಯಿಗಳು ಐದಿವೆ ಇಲ್ಲಿ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಅವಕ್ಕೂ
ಹಾಲಿನಲ್ಲಿ ಬಂದು ಹೋಗುವ ಈ ಕಳ್ಳ ಕಾಣಲಿಲ್ಲ.

ನಿಯಮ ನಾಲ್ಕು: ಗಬ್ಬದ ಕುರಿಗೆ ಹಾಕಬಾರದು.
ಹಾಕಿದರೆ ಕಾಯಬೇಕಾದ ಹನಿಯೇ ಕಂದನ್ನು ಕಳೆದೀತು.
‘ಆ ಕರಿಮೂತಿಯದನ್ನು ಬಿಡು’ ಎಂದಳು ಅಜ್ಜಿ.
‘ಟಗರು ಕೂಡಿಸುವ ತಿಂಗಳು ಇನ್ನೂ ಬಂದಿಲ್ಲವಲ್ಲ?’
‘ಟಗರಿಗೆ ಕ್ಯಾಲೆಂಡರ್ ಓದಿಸಿದವರಾರು?
ನಾಲ್ಕು ದಿನದಿಂದ ನೋಡುತ್ತಿದ್ದೇನೆ,
ಉಪ್ಪಿನ ಕಲ್ಲಿಗೆ ಎಲ್ಲ ಮುಗಿಬಿದ್ದರೆ
ಇದೊಂದು ಗಾಳಿಗೆ ಮುಖ ಕೊಟ್ಟು ನಿಲ್ಲುತ್ತದೆ.’

ಸರ್ಕಾರಿ ಪುಸ್ತಕದಲ್ಲಿ ಉಪ್ಪಿಗೆ ಕಾಲಮ್ಮಿಲ್ಲ.
ಬಿಟ್ಟೆ.

ಆಗ ಅವಳು ನನ್ನನ್ನು ನೋಡಿದಳು.
ಹಾಲು ಸುರಿದು ಉಪ್ಪು ಹಾಕಿದ ಚಹಾ,
ಬೆಳಗಿನಿಂದ ಮೂರು ಬಟ್ಟಲು ಬೇಡವೆಂದಿದ್ದೆ.
ಹೊಟ್ಟೆ ತೊಳಸುತ್ತದೆ, ಜೀಪಿನ ಕುಲುಕು ಎಂದಿದ್ದೆ.
‘ನೀನೂ’ ಎಂದಳು. ಅಷ್ಟೇ.

ಒಂಬತ್ತನೆಯ ನಿಯಮ ಪುಟದ ಅಡಿಯಲ್ಲಿದೆ,
ಸಣ್ಣಕ್ಷರ: ಬಸುರಿಯರು ಈ ಸೀಸೆ ತೆರೆಯಬಾರದು.
ಓದಿರಲಿಲ್ಲ ಎನ್ನಲಾರೆ. ನಾಲ್ಕು ಸಲ ಓದಿದ್ದೆ,
ನಾಲ್ಕು ಸಲವೂ ದಿನಗೂಲಿಯ ಸಾಲಿಗೆ ಕಣ್ಣು ಜಾರಿತ್ತು.
ಒಂದು ಹನಿ ಸಿಡಿದರೆ ಸಾಕಂತೆ,
ಮನುಷ್ಯರ ಕಣ್ಣಿಗೂ ಅದೇ ಬಾಗಿಲು.

ಅಜ್ಜಿ ಬಯ್ಯಲಿಲ್ಲ. ಬೂದಿಯ ನೀರು ತಂದು
ಮೊಣಕೈವರೆಗೆ ನನ್ನ ಕೈ ತಿಕ್ಕಿ ತೊಳೆದಳು,
ಕನ್ನಡಕ ಕಳಚಿ ತಾನೇ ಹಾಕಿಕೊಂಡಳು,
ಹೊಸ ಕೈಗವಸಿನಲ್ಲಿ ಬೆರಳು ತೂರಿಸುತ್ತ
‘ಎಷ್ಟು ಎತ್ತರದಿಂದ ಬಿಡಬೇಕು?’ ಎಂದಳು.
‘ರೆಪ್ಪೆಗೆ ತಾಗದ ಹಾಗೆ. ಒಂದೇ.’
‘ಒಂದೇ’ ಎಂದಳು. ಕೈ ನಡುಗಲಿಲ್ಲ.

ತೆರೆದ ಸೀಸೆ ಹೊತ್ತು ಮುಗಿಯುವ ಮುನ್ನ ಬರಿದಾಗಬೇಕು.
ನಾನು ಗಾಳಿಯ ಮೇಲುಬದಿಗೆ ಕೂತು ಎಣಿಸಿದೆ.
‘ಹನಿ ಹಾಕಿದವರು’ ಎಂಬಲ್ಲಿ ನನ್ನ ಹೆಸರು ಬರೆದೆ,
ಹೇಳುತ್ತೇನೆಂದಿದ್ದ ಎರಡನೆಯ ಸುಳ್ಳು ಅದು.
ಕರಿಮೂತಿ ಬಂದು ಪಕ್ಕದಲ್ಲಿ ನಿಂತಿತು,
ಪುಸ್ತಕದ ಮೂಲೆ ಮೂಸಿತು, ತಿನ್ನಲಿಲ್ಲ.

‘ಎಷ್ಟಾಯಿತು?’ ಕೂಗಿದ ಮೆದೆರ್.
‘ಇನ್ನೂರ ಹನ್ನೊಂದು.’
‘ಬಿಟ್ಟದ್ದು?’
‘ಒಂದು’ ಎಂದೆ.

ಕುರಿಯ ಕಣ್ಣಿನಿಂದ ತಲೆಯೆತ್ತದೆ
ಅಜ್ಜಿ ತಿದ್ದಿದಳು: ‘ಎರಡು.’