ಗುಂಡಿ ಒತ್ತಿದವಳು

ಏಪ್ರಿಲ್ ಹದಿನೇಳು, ಗುರುವಾರ,
ಊಟದ ಬಿಡುವಿಗೆ ಇನ್ನೂ ಹತ್ತು ನಿಮಿಷವಿರುವಾಗ
ನಾನೇ ಒತ್ತಿದೆ ಆ ಹಸಿರು ಗುಂಡಿಯನ್ನು:
ವ್ಯಾಸಂಗ ಪೂರ್ಣ.
ಕಿಟಕಿಯಾಚೆ ಸುಪೀರಿಯರ್ ಸರೋವರದ ಹಿಮಗಡ್ಡೆ
ಬಿಡಲೋ ಬೇಡವೋ ಎಂದು ದಡ ಕಚ್ಚಿಕೊಂಡಿತ್ತು.
ನಾನು ಸೂಪು ಬಿಸಿಮಾಡಲು ಎದ್ದು ಹೋದೆ.

ಇಪ್ಪತ್ತೆರಡು ವರ್ಷದಿಂದ ಥಂಡರ್ ಬೇಯ ಈ ಕೌಂಟರಿನಲ್ಲಿ ಕೂತು
ಬಟಾಣಿ ಸುಲಿದ ಹಾಗೆ
ಹುಡುಗ ಹುಡುಗಿಯರನ್ನು ಪೂರ್ಣಗೊಳಿಸಿದ್ದೇನೆ.
ಒಂದೊಂದು ಕಾಳು ಎಲ್ಲಿ ಉರುಳಿತೆಂದು
ಬಗ್ಗಿ ನೋಡಿದವಳಲ್ಲ.

ಯೆಸೆನಿಯಾ ಕೀಂತೆರೊ. ಕೊಲಂಬಿಯಾದ ಬರಾಂಕೀಯಾದವಳು.
ನೆಲ ಅಳೆಯುವುದನ್ನು ಕಲಿಯಲು ಬಂದವಳು
ಎರಡು ವರ್ಷದ ಓದನ್ನು ಹದಿನಾರು ತಿಂಗಳಲ್ಲಿ ಮುಗಿಸಿದಳು.
ಜೊತೆಯವರು ಬೇಸಿಗೆಯಲ್ಲಿ ಬ್ಲೂಬೆರಿ ಕೀಳಲು ಹೋದರೆ
ಇವಳು ಮುಕ್ಕಾಲಿ ಹೊತ್ತು ಜೌಗು ನೆಲದಲ್ಲಿ,
ಕಿವಿಯೊಳಗೆ ಕಪ್ಪು ನೊಣ,
ತಪ್ಪಿದ ಮೂರು ಮಿಲಿಮೀಟರಿಗಾಗಿ ಮತ್ತೆ ಮೊದಲಿನಿಂದ.
ಯಾಕಿಷ್ಟು ಆತುರ, ಎಂದು ಒಮ್ಮೆ ಕೇಳಿದ್ದೆ.
‘ಬಾಡಿಗೆಗೆ ನನಗಿಂತ ಆತುರ, ಐಲಾ.’
ನಕ್ಕಾಗ ಹಲ್ಲಿನ ತಂತಿ ಮಿಂಚಿತು.
ಅದರ ಕಂತೂ ಬಾಕಿಯಂತೆ.

ಎಪ್ಪತ್ತೊಂದನೆಯ ದಿನ ಬಂದಳು.
ಎಪ್ಪತ್ತೊಂದೆಂದು ನನಗೇನು ಗೊತ್ತು?
ಅವಳು ಬೆರಳು ಮಡಿಸಿ ಎಣಿಸಿ ತೋರಿಸಿದ ಮೇಲೆ ತಿಳಿದದ್ದು.
ಅವಳ ಪರವಾನಗಿಯಲ್ಲಿ ಮುಂದಿನ ಮಾರ್ಚ್ ಎಂದು
ಕಪ್ಪು ಮಸಿಯಲ್ಲಿ ಸ್ಪಷ್ಟವಾಗಿದೆ.
ಆದರೆ ಓದು ಮುಗಿದ ದಿನದಿಂದ ತೊಂಬತ್ತು ದಿನಕ್ಕೆ
ಆ ಮಸಿಗೆ ಉಸಿರಿಲ್ಲ.
ಅಷ್ಟರೊಳಗೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬೇಕು.
ಬೇಗ ಮುಗಿಸಿದ್ದಕ್ಕೆ ಬೇಗ ಮುಗಿಯುವ ಬಹುಮಾನ.
ಒತ್ತಿದವಳು ನಾನು.
ಗುಂಡಿಗೆ ಬಿದ್ದವಳು ಅವಳು.

ಇನ್ನೊಂದು ಭಯವನ್ನು
ಅವಳ ಅಡುಗೆಮನೆ ಹಂಚಿಕೊಂಡ ಹುಡುಗನೊಬ್ಬ ತುಂಬಿದ್ದಾನೆ:
ಎರಡು ವರ್ಷ ಕೂತು ಓದಿದವರಿಗೆ ಮೂರು ವರ್ಷದ ಕೆಲಸ,
ಹದಿನಾರು ತಿಂಗಳು ಓಡಿದವರಿಗೆ ಹದಿನಾರೇ ತಿಂಗಳು.
‘ಹಾಗಾದರೆ ನನ್ನ ಆ ಬೇಸಿಗೆ
ಆಟಕ್ಕುಂಟು, ಲೆಕ್ಕಕ್ಕಿಲ್ಲವೇ?’

ಅವನು ಹೇಳಿದ್ದು ಸರಿಯಿರಲಾರದು ಎಂದೆ.
ಅಳೆಯಬೇಕಾದದ್ದು ದಾರಿಯ ಉದ್ದ, ನಡೆದವಳ ಹೆಜ್ಜೆಯಲ್ಲ.
ಹೇಳುವಾಗ ನನ್ನ ದನಿಯೇ ನನ್ನನ್ನು ನಂಬಲಿಲ್ಲ.
ಅಳೆಯುವ ಕೋಲು ನನ್ನ ಕೈಯಲ್ಲಿಲ್ಲ.
ನನ್ನ ಕೈಯಲ್ಲಿರುವುದು ಕಾಲೇಜಿನ ಒಂದು ಹಾಳೆ.

ಬರೆದೆ: ಈ ಕೋರ್ಸಿನ ಅವಧಿ ಎರಡು ವರ್ಷ.
ಬರೆದೆ: ಇವರು ಅದನ್ನು ಬೇಗ
ಅಳಿಸಿದೆ.
ಇವರು ಅದನ್ನು ಅವಧಿಗೆ ಮುನ್ನ
ಅಳಿಸಿದೆ.
ಇಷ್ಟು ವರ್ಷದಲ್ಲಿ ಒಂದು ಪದವನ್ನು
ಇಷ್ಟು ಅಳೆದು ಸುರಿದು ಇಟ್ಟವಳಲ್ಲ ನಾನು.
ಕೊನೆಗೆ: ಒಂದು ಪಾಠವನ್ನೂ ಬಿಡದೆ, ಇಡೀ ಎರಡು ವರ್ಷದ್ದನ್ನು
ಇವರು ಹದಿನಾರು ತಿಂಗಳಲ್ಲಿ ಕಲಿತಿದ್ದಾರೆ.
ಮೊಹರು ಒತ್ತಿದೆ. ಎರಡು ಸಲ. ಎರಡನೆಯದು ಬೇಕಿರಲಿಲ್ಲ.

ಅವಳು ಹಾಳೆಯನ್ನು ಕಣ್ಣಮಟ್ಟಕ್ಕೆ ಹಿಡಿದು
ಒಂದು ಕಣ್ಣು ಮುಚ್ಚಿ ಓದಿದಳು,
ದೂರದ ಗೂಟದ ಮೇಲಿನ ಗೆರೆ ಓದುವವರಂತೆ.
‘ಸಮ ಇದೆ,’ ಎಂದಳು.
ಕೌಂಟರಿನ ಮೇಲೆ ಗುಲಾಬಿ ಸಕ್ಕರೆ ಬಳಿದ
ನಮ್ಮೂರಿನ ಪರ್ಷಿಯನ್ ಬನ್ನಿನ ಡಬ್ಬಿ ಬಿಟ್ಟುಹೋದಳು.
ಆರರಲ್ಲಿ ಒಂದು ಕಮ್ಮಿ.
ಬಸ್ಸಿನಲ್ಲಿ ಹಸಿವಾಗಿರಬೇಕು.

ನನ್ನ ಗೋಡೆ ಕ್ಯಾಲೆಂಡರಿನಲ್ಲಿ ಜುಲೈ ಹದಿನಾರರ ಚೌಕಕ್ಕೆ
ದಂತವೈದ್ಯರು, ಮೂರೂವರೆ ಗಂಟೆ, ಎಂದು ಮೊದಲೇ ಬರೆದಿದ್ದೆ.
ಅದೇ ತೊಂಬತ್ತನೆಯ ದಿನ.
ಒಂದೇ ಚೌಕದಲ್ಲಿ ಈಗ
ನಾವಿಬ್ಬರೂ ಬಾಯಿ ತೆರೆದು ಕೂರಬೇಕು.

ಇವತ್ತು ಬೆಳಿಗ್ಗೆ ಪರದೆಯ ಮೇಲೆ
ಇನ್ನೊಬ್ಬನ ಹೆಸರು, ಇನ್ನೊಂದು ಹಸಿರು ಗುಂಡಿ.
ಬೆರಳು ಮೇಲೆಯೇ ನಿಂತಿದೆ.
ಫೋನೆತ್ತಿ ಅವನನ್ನು ಕೇಳಬೇಕು: ಮಗಾ,
ಇವತ್ತು ಮುಗಿಸಲೇ, ನಾಳೆಯೇ?